ಕಾಮಶಿಕ್ಷಣವೂ ಶಿಕ್ಷಕರ ಮರ್ಯಾದೆಯೂ

ಕಳೆದ ಮಾಘಮಾಸದ ಒಂದು ಸಂಜೆ, ಅಟ್ಟದಿಂದ ಇಳಿಸಿದ ಕಾಯಿಗಳನ್ನು ಅಂಗಳದಲ್ಲಿ ರಾಶಿ ಹಾಕಿಸಿ, ಆಳುಗಳು ಸುಲಿಯುತ್ತಿದ್ದುದನ್ನು ನೋಡುತ್ತ ನಾನು ಜಗಲಿಯ ಮೇಲೆ ಕುಳಿತಿದ್ದೆನು. ಆಗ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಬಂದು ನಮಸ್ಕರಿಸಿದಳು. ಆಕೆ ಎಂಟು ವರ್ಷ ಆಸ್ಪತ್ರೆಯೊಂದರಲ್ಲಿ ದಾದಿಯಾಗಿದ್ದು, ಮೂರು ವರ್ಷಗಳ ಕೆಳಗೆ ಆ ಕೆಲಸವನ್ನು ಬಿಟ್ಟು, ಯಾವ ಸಂಸ್ಥೆಯ ಆಶ್ರಯವೂ ಇಲ್ಲದೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ಶಾಲೆಗಳಲ್ಲಿಯೂ ಮಹಿಳಾ ಸಂಘಗಳಲ್ಲಿಯೂ ಲೈಂಗಿಕ ಶಿಕ್ಷಣದ ಪಾಠ ಹೇಳುತ್ತಿರುವವಳು. ಹುಡುಗಿ ಮೈನೆರೆಯುವುದೆಂದರೇನು, ಹುಡುಗನ ದನಿ ಒಡೆಯುವುದೇಕೆ, ಗರ್ಭ ನಿಲ್ಲುವುದು ಹೇಗೆ, ಒಲ್ಲದ ಸ್ಪರ್ಶವನ್ನು ಒಲ್ಲೆನೆಂದು ಹೇಳುವುದು ಹೇಗೆ, ದಂಪತಿಗಳು ಸೋಂಕು ರೋಗಗಳಿಂದ ತಮ್ಮನ್ನು ಕಾಪಾಡಿಕೊಳ್ಳುವುದು ಹೇಗೆ—ಇವು ಆಕೆಯ ಪಾಠದ ವಿಷಯಗಳು.

“ಮೇಷ್ಟ್ರೇ, ಈ ಕೆಲಸ ಬಿಟ್ಟುಬಿಡೋಣವೆಂದಿದ್ದೇನೆ” ಎಂದಳು.

ಜನರು ನಿಂದಿಸಿದರೋ ಎಂದು ಕೇಳಿದೆನು. “ನಿಂದಿಸುವವರು ಈಗ ಕಡಿಮೆ, ಮೇಷ್ಟ್ರೇ. ನಂಬುವವರೇ ಹೆಚ್ಚು. ಆ ನಂಬಿಕೆಯನ್ನೇ ಹೊರಲಾರದೆ ಹೋಗಿದ್ದೇನೆ” ಎಂದಳು. ಆ ಮಾತು ನನಗೆ ಒಡನೆ ತಿಳಿಯಲಿಲ್ಲ. ಕುಳಿತು ಕಾಫಿ ಕುಡಿಯುವ ಅರ್ಧ ಗಂಟೆಯೊಳಗೆ ಆಕೆಯ ಮೊಬೈಲು ಏಳು ಬಾರಿ ಕೂಗಿತು. ಆಮೇಲೆ ತಿಳಿಯಿತು.

ಒಂದು ಮನೆಯ ತಾಯಿ, ಮಗಳಿಗೆ ಇನ್ನೂ ಮುಟ್ಟು ಬಂದಿಲ್ಲ, ಮನೆಗೆ ಬಂದು ನೋಡಿ ಮಾತ್ರೆ ಕೊಟ್ಟು ಹೋಗು ಎನ್ನುವಳು. ಇನ್ನೊಂದು ಮನೆಯ ಅತ್ತೆ, ಸೊಸೆಗೆ ಮಕ್ಕಳಾಗದಿರುವುದು ಯಾರ ದೋಷವೆಂದು ತೀರ್ಪು ಹೇಳು ಎನ್ನುವಳು. ಮತ್ತೊಬ್ಬರು, ನಿಶ್ಚಯವಾಗಲಿರುವ ಹುಡುಗಿ ಆಕೆಯ ಪಾಠಕ್ಕೆ ಬಂದವಳಾದುದರಿಂದ, ಅವಳ ನಡತೆ ಹೇಗೆಂದು ಗುಟ್ಟಾಗಿ ವಿಚಾರಿಸುವರು. ಶಾಲೆಯೊಂದರ ಮುಖ್ಯಸ್ಥರು, ಮಕ್ಕಳು ಹೆಸರು ಬರೆಯದೆ ಪೆಟ್ಟಿಗೆಯಲ್ಲಿ ಹಾಕಿದ ಪ್ರಶ್ನೆಗಳ ಚೀಟಿಗಳನ್ನು ಕೇಳಿ, “ಅಕ್ಷರ ನೋಡಿ ಯಾರದೆಂದು ಕಂಡುಹಿಡಿಯುತ್ತೇವೆ” ಎಂದರಂತೆ. ಅರ್ಧರಾತ್ರಿಯಲ್ಲಿ ಗುರುತಿಲ್ಲದ ಯುವಕರು ಸಂದೇಹ ಪರಿಹಾರದ ನೆವದಲ್ಲಿ ಆಡಬಾರದ ಮಾತನ್ನು ಆಡುವರು. ಇಷ್ಟೆಲ್ಲ ದುಡಿದ ದಿನ ಆಕೆಗೆ ದೊರೆಯುವುದು ಒಂದು ರವಿಕೆಯ ಕಣ, ಎರಡು ತೆಂಗಿನಕಾಯಿ, “ಪುಣ್ಯದ ಕೆಲಸ ತಾಯಿ” ಎಂಬ ಒಂದು ಮಾತು. ಪುಣ್ಯದಿಂದ ಬಸ್ಸಿನ ಟಿಕೇಟು ಬಾರದು.

ಆ ರಾತ್ರಿ ಆಕೆಯನ್ನು ನಮ್ಮ ಮನೆಯಲ್ಲಿಯೇ ಉಳಿಸಿಕೊಂಡೆವು. ನಾನೂ ನನ್ನ ಮನೆಯಾಕೆಯೂ ಆಕೆಯೊಡನೆ ಕುಳಿತು ವಿಚಾರಮಾಡಿದ ಸಂಗತಿಗಳನ್ನು ಗೃಹಸ್ಥರಾದ ವಾಚಕರ ಮುಂದಿಡಬೇಕೆಂದು ಈ ಲೇಖನವನ್ನು ಬರೆಯುತ್ತಿದ್ದೇನೆ. ಏಕೆಂದರೆ ಆಕೆಯ ಕಷ್ಟದಲ್ಲಿ ಅರ್ಧ ಪಾಲು ನಮ್ಮ ಮನೆಗಳಿಂದಲೇ ಹುಟ್ಟಿದ್ದು.

ಮರ್ಯಾದೆ ಎಂಬ ಶಬ್ದವನ್ನು ನಾವು ಗೌರವ ಎಂಬರ್ಥದಲ್ಲಿ ಬಳಸುತ್ತೇವೆ. ಸಂಸ್ಕೃತದಲ್ಲಿ ಆ ಶಬ್ದಕ್ಕೆ ಎಲ್ಲೆ, ಮೇರೆ ಎಂಬುದು ಮುಖ್ಯಾರ್ಥ. ಹೊಲದ ಗಡಿಯೂ ಮರ್ಯಾದೆ, ಕಡಲಿನ ದಡವೂ ಮರ್ಯಾದೆ. ಪಾಣಿನಿಯ ವ್ಯಾಕರಣವನ್ನು ಓದಿದವರು ಇನ್ನೊಂದು ಸೂಕ್ಷ್ಮವನ್ನೂ ಬಲ್ಲರು. ಒಂದು ವಸ್ತುವಿನವರೆಗೆ ಹೋಗಿ ಅದನ್ನು ಒಳಗೊಳ್ಳದೆ ನಿಂತರೆ ಅದು ಮರ್ಯಾದೆ. ಅದನ್ನೂ ಒಳಗೊಂಡರೆ ಅಭಿವಿಧಿ. ನೆಂಟನೊಬ್ಬನು ಬಾಗಿಲವರೆಗೆ ಬಂದು ಹೊಸ್ತಿಲ ಹೊರಗೆ ನಿಂತು ಕರೆದರೆ ಮರ್ಯಾದೆ. ಕೇಳದೆ ಅಡಿಗೆಮನೆಯವರೆಗೆ ನುಗ್ಗಿದರೆ ಅಭಿವಿಧಿ. ಎಲ್ಲೆ ಇಲ್ಲದೆಡೆ ಗೌರವವೂ ಇರದೆಂಬುದನ್ನು ನಮ್ಮ ಹಿರಿಯರು ಒಂದೇ ಶಬ್ದದಲ್ಲಿ ಇಟ್ಟುಹೋಗಿದ್ದಾರೆ. ನನ್ನ ಶಿಷ್ಯೆಗೆ ಜನರು ಗೌರವವನ್ನು ಕೊಟ್ಟರು, ಎಲ್ಲೆಯನ್ನು ಕೊಡಲಿಲ್ಲ. ಆಕೆಯೂ ಅದನ್ನು ಎಳೆದುಕೊಳ್ಳಲಿಲ್ಲ.

ಹಿಂದೆ ಈ ತೊಡಕು ಏಕಿರಲಿಲ್ಲ? ಈ ವಿದ್ಯೆ ನಮ್ಮ ದೇಶಕ್ಕೆ ಹೊಸದೇನೂ ಅಲ್ಲ. ವಾತ್ಸ್ಯಾಯನನು ತನ್ನ ಗ್ರಂಥವನ್ನು ಬ್ರಹ್ಮಚರ್ಯದಲ್ಲಿದ್ದು ಲೋಕಯಾತ್ರೆಗಾಗಿ ರಚಿಸಿದೆನೆಂದೂ ರಾಗವನ್ನು ಕೆರಳಿಸುವುದಕ್ಕಾಗಿ ಅಲ್ಲವೆಂದೂ ಕೊನೆಯಲ್ಲಿ ಹೇಳಿಕೊಂಡಿದ್ದಾನೆ. ಕನ್ನಡದಲ್ಲಿಯೂ ಚಂದ್ರರಾಜನ ಮದನತಿಲಕವು ಹನ್ನೊಂದನೆಯ ಶತಮಾನದಷ್ಟು ಹಳೆಯದು. ಹೆಣ್ಣುಮಕ್ಕಳಿಗೆ ಈ ವಿಷಯವನ್ನು ಯಾರು ಹೇಳಿಕೊಡತಕ್ಕವರೆಂಬುದನ್ನೂ ವಾತ್ಸ್ಯಾಯನನು ಎಣಿಸಿದ್ದಾನೆ: ಜೊತೆಯಲ್ಲಿ ಬೆಳೆದ ದಾದಿಯ ಮಗಳು, ಗೆಳತಿ, ಸಮವಯಸ್ಸಿನ ಚಿಕ್ಕಮ್ಮ, ವಿಶ್ವಾಸವುಳ್ಳ ಮುದಿ ದಾಸಿ, ಅಕ್ಕ ಮುಂತಾದವರು. ಇವರೆಲ್ಲರೂ ಮನೆಯವರು ಅಥವಾ ಮನೆಯವರಂತಿರುವವರು. ಚಿಕ್ಕಮ್ಮನು ಎಷ್ಟು ಹೇಳಬೇಕು, ಎಲ್ಲಿ ನಿಲ್ಲಬೇಕು ಎಂಬುದನ್ನು ಆ ಬಾಂಧವ್ಯವೇ ನಿಶ್ಚಯಿಸುತ್ತಿತ್ತು.

ಕಾಲಕ್ರಮದಲ್ಲಿ ಆ ಚಿಕ್ಕಮ್ಮಂದಿರೂ ಬಾಯಿ ಮುಚ್ಚಿಕೊಂಡರು. ನಮ್ಮ ಸೀಮೆಯಲ್ಲಿ ಹುಡುಗಿ ಮೈನೆರೆದರೆ ಸೋದರಮಾವನು ಹಸಿರು ಗುಡ್ಲು ಹಾಕುವನು. ಮುತ್ತೈದೆಯರು ಆರತಿ ಎತ್ತುವರು. ಕೊಬ್ಬರಿ, ಬೆಲ್ಲ, ಎಳ್ಳು, ತುಪ್ಪಗಳನ್ನು ತಿನ್ನಿಸುವರು. ಕೊಬ್ಬರಿಯನ್ನು ಕೊಟ್ಟೆವು, ಬೆಲ್ಲವನ್ನು ಕೊಟ್ಟೆವು. ಇದೇನಾಯಿತೆಂಬ ತಿಳಿವಳಿಕೆಯನ್ನು ಮಾತ್ರ ಕೊಡಲಿಲ್ಲ. ಆದಕಾರಣ ಹೊರಗಿನವರು ಬಂದು ಹೇಳಬೇಕಾಯಿತು. ಹೊರಗಿನವರಿಗೆ ಬಾಂಧವ್ಯದ ಎಲ್ಲೆಯಿಲ್ಲ; ವೃತ್ತಿಯ ಎಲ್ಲೆಯೇ ಆಗಬೇಕು.

ವೃತ್ತಿಯ ಎಲ್ಲೆಗೂ ನಮ್ಮಲ್ಲಿ ಮಾದರಿಯುಂಟು. ಚರಕಸಂಹಿತೆಯ ವಿಮಾನಸ್ಥಾನದ ೮ನೆಯ ಅಧ್ಯಾಯದಲ್ಲಿ ಗುರುವು ವೈದ್ಯಶಿಷ್ಯನಿಗೆ ಮಾಡುವ ಅನುಶಾಸನವಿದೆ. ರೋಗಿಯ ಮನೆಗೆ ಹೋಗುವಾಗ ಒಳಕ್ಕೆ ಹೋಗಲು ಅನುಮತಿಯುಳ್ಳ ಪರಿಚಿತನೊಬ್ಬನೊಡನೆ ಹೋಗತಕ್ಕದ್ದು. ಮಾತು, ಮನಸ್ಸು, ಇಂದ್ರಿಯಗಳನ್ನು ರೋಗಿಯ ಹಿತವೊಂದರಲ್ಲಿಯೇ ಇಡತಕ್ಕದ್ದು. ಆ ಮನೆಯ ಒಳಸಂಗತಿಗಳನ್ನು ಹೊರಗೆ ಆಡಕೂಡದು. ಅಲ್ಲಿನ ಕೆಲವು ಮಾತುಗಳು ಆ ಕಾಲಕ್ಕೇ ಸಲ್ಲುವಂಥವು. ಸ್ತ್ರೀಯಿಂದ ಏನನ್ನಾದರೂ ತೆಗೆದುಕೊಳ್ಳಬೇಕಾದರೆ ಪತಿಯ ಅಪ್ಪಣೆ ಬೇಕೆಂಬುದನ್ನು ಇಂದು ನಾವು ಒಪ್ಪಬೇಕಾಗಿಲ್ಲ. ಆದರೆ ತಿರುಳು ಹಳತಾಗಿಲ್ಲ. ಪರರ ಅಂತರಂಗದ ಬಾಗಿಲಿಗೆ ಹೋಗುವವನು ತನ್ನ ಎಲ್ಲೆಯನ್ನು ಕೈಯಲ್ಲಿ ಹಿಡಿದೇ ಹೋಗಬೇಕು.

ಸಂಸ್ಥೆಯಲ್ಲಿರುವವರಿಗೆ ಆ ಎಲ್ಲೆಯನ್ನು ಸಂಸ್ಥೆಯೇ ಹಾಕಿಕೊಡುತ್ತದೆ. ೧೯೩೦ರಲ್ಲಿ ಮೈಸೂರು ಸಂಸ್ಥಾನದ ಸರಕಾರವು ಸಂತಾನ ನಿಯಂತ್ರಣದ ಸಲಹೆ ಕೊಡುವ ಚಿಕಿತ್ಸಾಲಯಗಳನ್ನು ತೆರೆಯಲು ಆಜ್ಞೆ ಮಾಡಿದಾಗ, ಅಲ್ಲಿನ ವೈದ್ಯರಿಗೆ ಆಸ್ಪತ್ರೆಯ ಗೋಡೆ, ಹೊತ್ತು, ಸಂಬಳ ಎಲ್ಲವೂ ಇದ್ದುವು. ಡಾಕ್ಟರ್ ಅನುಪಮಾ ನಿರಂಜನ ಅವರು ‘ದಾಂಪತ್ಯ ದೀಪಿಕೆ’, ‘ವಧುವಿಗೆ ಕಿವಿಮಾತು’ ಮುಂತಾದ ಪುಸ್ತಕಗಳಿಂದ ಕನ್ನಡದ ಮನೆಮನೆಗೆ ಈ ತಿಳಿವಳಿಕೆಯನ್ನು ಮುಟ್ಟಿಸಿದರು. ಅವರು ಸ್ವತಃ ವೈದ್ಯರು. ಅವರಿಗೂ ಓದುಗರಿಗೂ ನಡುವೆ ಪುಸ್ತಕದ ಹಾಳೆ ಎಂಬುದೊಂದು ಒಳ್ಳೆಯ ಬೇಲಿಯಿತ್ತು. ಒಬ್ಬಂಟಿಗರ ಪಾಡು ಬೇರೆ. ಮುಂಬಯಿಯ ರಘುನಾಥ ಧೋಂಡೋ ಕರ್ವೆಯವರು ಗಣಿತದ ಪ್ರಾಧ್ಯಾಪಕರಾಗಿದ್ದು, ೧೯೨೧ರಲ್ಲಿ ಸಂತಾನ ನಿಯಂತ್ರಣ ಕೇಂದ್ರವನ್ನು ತೆರೆದರು. ಈ ಕೆಲಸದಿಂದಲೇ ಕಾಲೇಜಿನ ಉದ್ಯೋಗವನ್ನು ಕಳೆದುಕೊಂಡರು. ೧೯೨೭ರಿಂದ ೧೯೫೩ರಲ್ಲಿ ಕಾಲವಾಗುವವರೆಗೆ ‘ಸಮಾಜಸ್ವಾಸ್ಥ್ಯ’ ಎಂಬ ಮರಾಠಿ ಮಾಸಪತ್ರಿಕೆಯನ್ನು ನಡೆಸಿದರು. ಓದುಗರ ಪ್ರಶ್ನೆಗಳಿಗೆ ಅಚ್ಚಿನಲ್ಲಿ ಬಹಿರಂಗವಾಗಿ ಕೊಟ್ಟ ಉತ್ತರಗಳೇ ಅಶ್ಲೀಲವೆಂದು ೧೯೩೪ರಲ್ಲಿ ಅವರ ಮೇಲೆ ಮೊಕದ್ದಮೆ ನಡೆಯಿತು. ಡಾಕ್ಟರ್ ಅಂಬೇಡ್ಕರರು ಅವರ ಪರವಾಗಿ ವಾದಿಸಿದರೂ ದಂಡ ತಪ್ಪಲಿಲ್ಲ. ಬೆನ್ನಿಗೆ ಸಂಸ್ಥೆಯಿಲ್ಲದವನು ಪೆಟ್ಟನ್ನೂ ಒಬ್ಬನೇ ತಿನ್ನಬೇಕೆಂಬುದಕ್ಕೆ ಇದು ನಿದರ್ಶನ.

ಇಂದಿಗೂ ಈ ಪಾಠಕ್ಕೆ ಗಟ್ಟಿಯಾದ ನೆಲೆಯಿಲ್ಲ. ಶಾಲೆಗಳಲ್ಲಿ ಹದಿಹರೆಯದ ಶಿಕ್ಷಣವೆಂಬ ಹೆಸರಿನಿಂದ ಬಂದ ಕಾರ್ಯಕ್ರಮವನ್ನು ೨೦೦೭ರಲ್ಲಿ ನಮ್ಮ ರಾಜ್ಯವೂ ಸೇರಿದಂತೆ ಹಲವು ರಾಜ್ಯಗಳು ತಡೆಹಿಡಿದುವು. ೨೦೧೪ರಲ್ಲಿ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮವು ಬಂದು, ಸರಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗಾಗಿ ಸ್ನೇಹಾ ಕ್ಲಿನಿಕ್‌ಗಳಾದುವು. ಆದರೆ ಹಳ್ಳಿಯ ಹುಡುಗಿ ತಾನಾಗಿ ಆ ಬಾಗಿಲಿಗೆ ಹೋಗುವಷ್ಟು ಧೈರ್ಯ ಬರಬೇಕಾದರೆ, ಯಾರಾದರೂ ಮೊದಲು ಆಕೆಯ ತರಗತಿಗೆ ಬಂದು ಮಾತನಾಡಬೇಕು. ನನ್ನ ಶಿಷ್ಯೆಯಂಥವರ ಪ್ರಯೋಜನ ಅಲ್ಲಿರುವುದು.

ಆ ರಾತ್ರಿ ನಾವು ಒಂದು ಕಾಗದದ ಮೇಲೆ ಆಕೆಯ ಎಲ್ಲೆಗಳನ್ನು ಬರೆದೆವು. ಆಕೆ ಹೇಳುವಳು, ನಾನು ಬರೆಯುವೆನು, ನನ್ನ ಮನೆಯಾಕೆ ತಿದ್ದುವಳು.

ಮೊದಲನೆಯದು: “ನಾನು ಪಾಠ ಹೇಳುವವಳು, ಚಿಕಿತ್ಸೆ ಮಾಡುವವಳಲ್ಲ.” ಆಕೆ ಯಾರ ದೇಹವನ್ನೂ ಪರೀಕ್ಷಿಸಳು, ಮಾತ್ರೆಯ ಹೆಸರು ಹೇಳಳು, ಕಷಾಯ ಮಾರಳು. ಹದಿನೈದು ತುಂಬಿದರೂ ಋತುವಾಗದ ಹುಡುಗಿಯನ್ನು ವೈದ್ಯರಿಗೆ ತೋರಿಸಬೇಕೆಂದು ಹೇಳುವುದು ಪಾಠ. ಏಕೆ ಆಗಲಿಲ್ಲವೆಂದು ಹೇಳುವುದು ವೈದ್ಯರ ಕೆಲಸ. ಕಾಮಶಕ್ತಿಯನ್ನು ಹೆಚ್ಚಿಸುವೆವು, ಮುಟ್ಟಿನ ದೋಷವನ್ನು ಸರಿಪಡಿಸುವೆವು ಎಂದು ಔಷಧಗಳ ಜಾಹೀರಾತು ಮಾಡುವುದನ್ನು ೧೯೫೪ರ ಕಾಯಿದೆಯೊಂದು ನಿಷೇಧಿಸಿದೆ. ಆದರೂ ಬಸ್ ನಿಲ್ದಾಣದ ಗೋಡೆಗಳನ್ನು ನೋಡಿದವರಿಗೆ, ಪಾಠಕ್ಕೂ ವ್ಯಾಪಾರಕ್ಕೂ ನಡುವಿನ ಗೆರೆ ಅಳಿಸಿದರೆ ಏನಾಗುವುದೆಂದು ಬೇರೆ ಹೇಳಬೇಕಾಗಿಲ್ಲ.

ಎರಡನೆಯದು: ತನ್ನ ಸ್ವಂತ ಬಾಳಿನ ವಿಷಯವನ್ನು ಪಾಠದಲ್ಲಿ ತರಕೂಡದು. ಸಂಘದ ಹೆಂಗಸರು ನಗುತ್ತ, “ನಿನ್ನ ಗಂಡನ ಸಂಗತಿ ಹೇಳು” ಎಂದು ಕೇಳುವರಂತೆ. ಒಮ್ಮೆ ಹೇಳಿದರೆ ಸಲಿಗೆ ಬೆಳೆಯುವುದು, ಪಾಠ ಹರಟೆಯಾಗುವುದು. “ಅದು ನನ್ನ ಮನೆಯ ಮಾತು, ಅಕ್ಕ, ಇಲ್ಲಿ ನಿಮ್ಮ ಆರೋಗ್ಯದ ಮಾತು” ಎಂದು ನಗುತ್ತಲೇ ನಿಲ್ಲಿಸತಕ್ಕದ್ದು.

ಮೂರನೆಯದು: ಮಗುವಿನೊಡನೆ ಬಾಗಿಲು ಮುಚ್ಚಿದ ಕೋಣೆಯಲ್ಲಿ ಒಬ್ಬಳೇ ಕೂರಕೂಡದು. ಮಾತು ಪರರಿಗೆ ಕೇಳಿಸಬಾರದು, ಆದರೆ ಇಬ್ಬರೂ ಪರರಿಗೆ ಕಾಣಿಸುತ್ತಿರಬೇಕು. ಶಾಲೆಯ ಅಂಗಳದ ಹೊಂಗೆಯ ಮರದ ಕೆಳಗೆ ಇದು ಸುಲಭ.

ನಾಲ್ಕನೆಯದು: ಪೆಟ್ಟಿಗೆಯ ಚೀಟಿಗಳು ಮಕ್ಕಳ ಸ್ವತ್ತು. ಉತ್ತರ ಹೇಳಿ ಮುಗಿದೊಡನೆ ಮಕ್ಕಳ ಕಣ್ಣೆದುರಿಗೇ ಹರಿದುಹಾಕತಕ್ಕದ್ದು. ಶಾಲೆಯವರಿಗಾಗಲಿ ತಂದೆತಾಯಿಗಳಿಗಾಗಲಿ ಕೊಡಕೂಡದು. ಯಾವುದಾದರೊಂದು ಚೀಟಿಯಲ್ಲಿ ಮಗುವೊಂದು ಆಪತ್ತಿನಲ್ಲಿರುವ ಸೂಚನೆ ಕಂಡರೆ ಆಗಿನ ಮಾತು ಬೇರೆ; ಅದು ಮುಂದಿನ ಎಲ್ಲೆಗೆ ಸೇರಿದ್ದು.

ಐದನೆಯದನ್ನು ಬರೆಯುವಾಗ ನನ್ನ ಕೈ ನಿಂತಿತು. ಮಗುವೊಂದು ಬಂದು, “ಯಾರಿಗೂ ಹೇಳುವುದಿಲ್ಲವೆಂದು ಮಾತು ಕೊಡಿ” ಎಂದರೆ ಏನು ಮಾಡತಕ್ಕದ್ದು? ಶಿಷ್ಯೆ ಕೇಳಿದ ಪ್ರಶ್ನೆ ಇದು. ಆಕೆಗೆ ಉತ್ತರ ಕೊಡುವ ಮೊದಲು ನಾನು ಮೂವತ್ತು ವರ್ಷ ಯಾರಿಗೂ ಹೇಳದಿದ್ದ ಒಂದು ಸಂಗತಿಯನ್ನು ಹೇಳಬೇಕಾಯಿತು.

ನಾನು ಆಗ ಹೊಸದಾಗಿ ಕೆಲಸಕ್ಕೆ ಸೇರಿದ್ದೆನು. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಶಾಲೆ ಬಿಟ್ಟ ಮೇಲೆ ಉಳಿದುಕೊಂಡು ನನ್ನಿಂದ ಮೊದಲು ಮಾತು ತೆಗೆದುಕೊಂಡಳು. ಆಮೇಲೆ, ಮನೆಯಲ್ಲಿರುವ ನೆಂಟನೊಬ್ಬನು ತನ್ನೊಡನೆ ನಡೆದುಕೊಳ್ಳುವ ರೀತಿಯನ್ನು ಹೇಳಿದಳು. ನಾನು ಹೆದರಿದೆನು. “ಜಾಗ್ರತೆಯಾಗಿರು, ದೇವರಿದ್ದಾನೆ” ಎಂದೆನು. ಕೊಟ್ಟ ಮಾತಿಗೆ ತಪ್ಪಬಾರದೆಂಬ ನೀತಿಯನ್ನು ಪಾಠ ಹೇಳುವವನಾದ ನಾನು ಆ ನೀತಿಯ ಮರೆಯಲ್ಲಿ ಅಡಗಿಕೊಂಡೆನು. ದಸರೆಯ ರಜೆ ಕಳೆದ ಮೇಲೆ ಆ ಹುಡುಗಿ ಶಾಲೆಗೆ ಬರಲಿಲ್ಲ. ಬಹಳ ವರ್ಷಗಳ ಮೇಲೆ ತಿಪಟೂರಿನ ಬಸ್ ನಿಲ್ದಾಣದಲ್ಲಿ, ಮಗುವನ್ನು ಕಂಕುಳಲ್ಲಿ ಎತ್ತಿಕೊಂಡಿದ್ದ ಹೆಂಗಸೊಬ್ಬಳು ನನ್ನನ್ನು ಗುರುತಿಸಿ ಕೈಮುಗಿದಳು. ನಾನು ಏನೋ ಕುಶಲ ಕೇಳಿದೆನು. ಆಕೆ, “ಮೇಷ್ಟ್ರೇ, ನೀವು ಮಾತು ಉಳಿಸಿಕೊಂಡಿರಿ” ಎಂದು ಹೇಳಿ ಬಸ್ಸು ಹತ್ತಿದಳು.

ಆದಕಾರಣ ಐದನೆಯ ಎಲ್ಲೆಯನ್ನು ಹೀಗೆ ಬರೆದೆವು: ಗುಟ್ಟಿನ ಮಾತು ಕೊಡಕೂಡದು, ಮತ್ತು ಕೊಡಲಾರೆನೆಂಬುದನ್ನು ಮಗು ಬಾಯಿ ತೆರೆಯುವ ಮೊದಲೇ ಹೇಳತಕ್ಕದ್ದು. “ನಿನ್ನ ಪ್ರಶ್ನೆಯನ್ನು ಯಾರಿಗೂ ಹೇಳೆನು. ಆದರೆ ನಿನಗೆ ಯಾರಾದರೂ ಕೇಡು ಮಾಡುತ್ತಿದ್ದರೆ, ಅದನ್ನು ನಿಲ್ಲಿಸಬಲ್ಲವರಿಗೆ ಹೇಳಲೇಬೇಕಾಗುವುದು. ಯಾರಿಗೆ ಹೇಳುವೆನೆಂದು ಮೊದಲು ನಿನಗೆ ಹೇಳುವೆನು.” ಇದು ಇಂದು ಕೇವಲ ನೀತಿಯಲ್ಲ, ಶಾಸನವೂ ಹೌದು. ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ ೨೦೧೨ರ ಪೋಕ್ಸೋ ಕಾಯಿದೆಯ ೧೯ನೆಯ ವಿಧಿಯ ಪ್ರಕಾರ, ಅಂತಹ ಅಪರಾಧ ನಡೆದಿದೆಯೆಂದು ತಿಳಿದ ಯಾವ ವ್ಯಕ್ತಿಯೇ ಆಗಲಿ ಪೋಲೀಸರಿಗೆ ತಿಳಿಸತಕ್ಕದ್ದು, ತಿಳಿಸದಿರುವುದು ದಂಡಾರ್ಹ. ೧೮ ವರ್ಷ ತುಂಬದವರೆಲ್ಲರೂ ಆ ಕಾಯಿದೆಯಲ್ಲಿ ಮಕ್ಕಳೇ. ೧೦೯೮ ಎಂಬ ಮಕ್ಕಳ ಸಹಾಯವಾಣಿಯ ಸಂಖ್ಯೆಯನ್ನು ಪ್ರತಿ ಪಾಠದ ಕೊನೆಯಲ್ಲಿಯೂ ಕರಿಹಲಗೆಯ ಮೇಲೆ ಬರೆದು ಬರಬೇಕೆಂದೂ ಸೇರಿಸಿದೆವು.

ಆರನೆಯದು ನನ್ನ ಮನೆಯಾಕೆಯ ಸಲಹೆ: ಹೊತ್ತು ಮತ್ತು ಸಂಭಾವನೆ. ಸಂಜೆ ಆರರ ಮೇಲೆ ಮೊಬೈಲಿಗೆ ಉತ್ತರವಿಲ್ಲ. ಪಾಠಕ್ಕೆ ಇಷ್ಟು ಹಣವೆಂದು ಮೊದಲೇ ಕಾಗದದಲ್ಲಿ ಬರೆದು ಒಪ್ಪಿಸತಕ್ಕದ್ದು. ಬಡ ಶಾಲೆಗೆ ಬಿಡಬೇಕಾದರೆ ತಿಂಗಳಿಗೆ ಇಂತಿಷ್ಟೆಂದು ತಾನೇ ಎಣಿಸಿ ಬಿಡತಕ್ಕದ್ದು. “ಕೊಬ್ಬರಿ ಮಂಡಿಯಲ್ಲಿ ಯಾರಾದರೂ ಪುಣ್ಯಕ್ಕೆ ತೂಗುತ್ತಾರೆಯೆ?” ಎಂದು ಆಕೆ ಕೇಳಿದಳು. ನಮ್ಮಲ್ಲಿ ಉತ್ತರವಿರಲಿಲ್ಲ.

ಮದುವೆಯ ವಿಚಾರಣೆ, ಅತ್ತೆಸೊಸೆಯರ ತೀರ್ಪು ಇವುಗಳಿಗೆ ಬೇರೆ ಕಲಮು ಬೇಕಾಗಲಿಲ್ಲ. ಮೊದಲನೆಯ ಎಲ್ಲೆಯ ಕೆಳಗೆ “ಪಂಚಾಯಿತಿ ಮಾಡುವವಳೂ ಅಲ್ಲ” ಎಂದು ಸೇರಿಸಿದೆವು.

ಇದರಿಂದ ಎಲ್ಲವೂ ಸುಗಮವಾಯಿತೆಂದು ನಾನು ಹೇಳಲಾರೆ. ಆ ಕಾಗದವನ್ನು ನೋಡಿ ಒಂದು ಶಾಲೆಯವರು ಪಾಠವೇ ಬೇಡವೆಂದರು. ಚೀಟಿಗಳನ್ನು ಕೇಳಿದ್ದವರೇ ಅವರು. ಮನೆಗೆ ಬಾರದೆ ವೈದ್ಯರ ಬಳಿಗೆ ಕಳುಹಿಸಿದಳೆಂದು ತಾಯಿಯೊಬ್ಬಳು, “ಅವಳಿಗೆ ಜಂಬ ಬಂತು” ಎಂದು ಸಂತೆಯಲ್ಲೆಲ್ಲ ಆಡಿದಳು. ಆದರೆ ಆ ತಾಯಿ ಮಗಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದುದೂ ನಿಜ. ಶ್ರಾವಣದಲ್ಲಿ ಶಿಷ್ಯೆ ಮತ್ತೆ ಬಂದಾಗ ಇನ್ನೊಂದು ಸಂಗತಿ ಹೇಳಿದಳು. ಒಂದು ಹಳ್ಳಿಯ ಶಾಲೆಯಲ್ಲಿ ಹುಡುಗಿಯೊಬ್ಬಳು ಮರದ ಕೆಳಗೆ ಬಂದು ಕುಳಿತಳು. ಗುಟ್ಟಿಡಲಾರೆನೆಂಬ ಮಾತನ್ನು ಕೇಳಿ, ಏನೂ ಹೇಳದೆ ಎದ್ದುಹೋದಳು. ಶಿಷ್ಯೆಗೆ ಆ ರಾತ್ರಿ ನಿದ್ರೆ ಬರಲಿಲ್ಲ. ಎಲ್ಲೆ ಹಾಕಿ ಮಗುವನ್ನು ಕಳೆದುಕೊಂಡೆನೋ ಎಂದು ಕೊರಗಿದಳು. ಮುಂದಿನ ವಾರದ ಪಾಠದ ದಿನ ಅದೇ ಹುಡುಗಿ ಬಂದು, “ಹೇಳಬೇಕಾದವರಿಗೆ ಹೇಳಿ, ಅಕ್ಕ. ಅದಕ್ಕೇ ಬಂದೆ” ಎಂದಳಂತೆ. ಮುಂದಿನದು ಆ ಮಗುವಿಗೆ ಸೇರಿದ್ದು, ಇಲ್ಲಿ ಬರೆಯತಕ್ಕದ್ದಲ್ಲ. ಹೇಳಬೇಕಾದವರಿಗೆ ಹೇಳಲಾಯಿತು ಎಂಬಷ್ಟು ಸಾಕು.

ಕೆಲಸ ಬಿಡುವ ಮಾತನ್ನು ಆಕೆ ಆಮೇಲೆ ಎತ್ತಲಿಲ್ಲ, ನಾನೂ ಕೇಳಲಿಲ್ಲ.

ಗೃಹಸ್ಥರಾದ ನಾವು ಮಾಡಬೇಕಾದುದು ಇಷ್ಟೆ. ನಮ್ಮ ಮಕ್ಕಳಿಗೆ ಪಾಠ ಹೇಳಲು ಬಂದವರನ್ನು, “ನಿಮ್ಮ ಎಲ್ಲೆಗಳೇನು?” ಎಂದು ಮೊದಲು ಕೇಳೋಣ. ಎಲ್ಲೆಯಿಲ್ಲದವರನ್ನು, ಎಷ್ಟೇ ಸಿಹಿಮಾತಿನವರಾಗಲಿ, ದೂರವಿಡೋಣ. ಎಲ್ಲೆಯುಳ್ಳವರನ್ನು ಅದನ್ನು ಮೀರುವಂತೆ ಒತ್ತಾಯಿಸದಿರೋಣ. ಮಗು ಏನು ಕೇಳಿತೆಂದು ಅವರನ್ನು ಕೇಳದೆ, ಮಗುವು ನಮ್ಮನ್ನೇ ಕೇಳುವಂತೆ ನಡೆದುಕೊಳ್ಳೋಣ. ಅವರ ದುಡಿಮೆಗೆ ಬೆಲೆ ಕೊಡೋಣ; ಅವರ ರಾತ್ರಿಯನ್ನು ಅವರಿಗೆ ಬಿಡೋಣ.

ನಮ್ಮ ತೋಟಗಳಲ್ಲಿ ಒಂದು ತೆಂಗಿಗೂ ಇನ್ನೊಂದಕ್ಕೂ ನಡುವೆ ೩೦ ಅಡಿ ಬಿಡುವುದು ವಾಡಿಕೆ. ಹೊಸದಾಗಿ ತೋಟ ಮಾಡುವವನು ಖಾಲಿ ನೆಲವನ್ನು ನೋಡಿ, ಇಷ್ಟೊಂದು ಜಾಗ ಹಾಳೆಂದು ಹತ್ತಿರ ಹತ್ತಿರ ಸಸಿ ಇಡುವನು. ಮರಗಳು ಬಿಸಿಲಿಗಾಗಿ ಒಂದರ ಮೇಲೊಂದು ಏರಿ ಸಣಕಲಾಗಿ ಎತ್ತರಕ್ಕೆ ಹೋಗುವುವೇ ಹೊರತು ಕಾಯಿ ಕಟ್ಟುವುದಿಲ್ಲ. ಆ ೩೦ ಅಡಿ ಹಾಳಾದ ನೆಲವಲ್ಲ. ಫಲವು ಬರುವುದು ಅದರಿಂದಲೇ ಎಂಬುದನ್ನು ಈ ಸೀಮೆಯ ಒಕ್ಕಲಿನವರಿಗೆ ನಾನು ಹೇಳಿಕೊಡಬೇಕಾಗಿಲ್ಲ.